ಟಿಳಕವಾಡಿಯ ರಿಹರ್ಸಲ್ ಕೋಣೆ: ತಬಲಾ ಬೆಚ್ಚಗಿಡುವ ಜಾಗ

ಬೆಳಗಾವಿಯ ಮಳೆಗಾಲದಲ್ಲಿ ತಬಲಾ ಬಾರಿಸುವವರ ಕಷ್ಟ ಬಾರಿಸುವವರಿಗೇ ಗೊತ್ತು. ಥಂಡಿ ಹವೆಗೆ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಸುತ್ತಿಗೆ ಹಿಡಿದು ಎಷ್ಟು ಏರಿಸಿದರೂ ಅರ್ಧ ತಾಸಿಗೆ ಮತ್ತೆ ಕೆಳಗೆ. ಎರಡನೇ ರೈಲ್ವೆ ಗೇಟಿನ ಕಡೆ, ಹಾಲಿನ ಅಂಗಡಿಯ ಮೇಲಿರುವ ಈ ಕೋಣೆಯಲ್ಲಿ ತಬಲಾ, ಅದರ ಜೋಡಿ ಡಗ್ಗಾಗಳಿಗೇ ಒಂದು ಕಪಾಟಿದೆ. ಒಳಗೆ ಹಗಲೂ ರಾತ್ರಿ ಉರಿಯುವ 40 ವ್ಯಾಟಿನ ಹಳದಿ ಬಲ್ಬು. ಬಾಗಿಲು ತೆರೆದರೆ ಮುಖಕ್ಕೆ ಬೆಚ್ಚನೆ ಗಾಳಿ ಬಡಿಯುತ್ತದೆ. ಅದನ್ನು ನೋಡಿದ ದಿನವೇ ಪ್ರತಿ ಭಾನುವಾರಕ್ಕೆ ಬುಕ್ ಮಾಡಿದೆ.

ವಾರವಿಡೀ ನನಗೆ ಬ್ಯಾಂಕಿನ ಕೌಂಟರ್. ಭಾನುವಾರ ಏಳು ಮಕ್ಕಳ ಜೊತೆ ಪೇಟಿ, ಅಂದರೆ ಹಾರ್ಮೋನಿಯಂ. 17ರಿಂದ 22ರ ವಯಸ್ಸಿನವರು. ಮೂವರ ಮನೆಮಾತು ಕನ್ನಡ, ಇಬ್ಬರದು ಮರಾಠಿ, ಇಬ್ಬರದು ಉರ್ದು. ಅಕ್ಟೋಬರ್ 2ರಂದು ಶಾಂತಿಗಾಗಿ ನಡೆಯುವ ಸಂಗೀತ ಕಾರ್ಯಕ್ರಮದಲ್ಲಿ ಒಂದು ವಚನ, ಒಂದು ತತ್ವಪದ, ಒಂದು ಮರಾಠಿ ಭಕ್ತಿಗೀತೆ ಅಭಂಗ, ಜೊತೆಗೆ ತಾವೇ ಕಟ್ಟಿದ ಒಂದು ಹಾಡು ಹಾಡಲಿದ್ದಾರೆ. ಗಾಂಧೀಜಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದು ಒಂದೇ ಸಲ, 1924ರ ಡಿಸೆಂಬರಿನಲ್ಲಿ, ಅದೂ ನಮ್ಮ ಊರಲ್ಲಿ. ಆ ಅಧಿವೇಶನದ ಸ್ಮಾರಕ ವೀರಸೌಧ ಇರುವುದೂ ಇದೇ ಟಿಳಕವಾಡಿಯಲ್ಲಿ. ಮೊದಲ ದಿನ ತಾಲೀಮಿಗೆ ಮುಂಚೆ ಎಲ್ಲರನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ.

ಇದಕ್ಕೂ ಮೊದಲು ಒಂದು ಮಂಗಲ ಕಾರ್ಯಾಲಯದಲ್ಲಿ ಕೂರುತ್ತಿದ್ದೆವು. ಮಾತು ಮಾತಿಗೂ ಪ್ರತಿಧ್ವನಿ. ಒಬ್ಬರ ತಾಳ ಇನ್ನೊಬ್ಬರಿಗೆ ತಡವಾಗಿ ಕೇಳುತ್ತಿತ್ತು. ಒಂದು ದಿನ ಮದುವೆಯ ಬುಕಿಂಗ್ ಬಂತೆಂದು ನಡುಮಳೆಯಲ್ಲಿ ವಾದ್ಯಗಳ ಸಮೇತ ಹೊರಗೆ ಕಳಿಸಿದರು. ಗಿಟಾರಿನ ಚೀಲಕ್ಕೆ ನನ್ನ ರೇನ್‌ಕೋಟ್ ಹೊದಿಸಿದ್ದೆ. ಆ ಸಿಟ್ಟು ಇನ್ನೂ ಆರಿಲ್ಲ.

ಇಲ್ಲಿ ಗೋಡೆಗೆಲ್ಲ ಹತ್ತಿಯ ಗಾದಿ ಬಡಿದಿದ್ದಾರೆ. ನೋಡಲು ಚಂದವಿಲ್ಲ, ಕೇಳಲು ಬಹಳ ಚಂದ. ಗಂಟೆಗೆ 250 ರೂಪಾಯಿ. ಎರಡು ಮೈಕು, ಒಂದು ಕೀಬೋರ್ಡು, ಬೇರೆ ಬೇರೆ ಶ್ರುತಿಯ ಎರಡು ತಬಲಾ ಕೊಡುತ್ತಾರೆ. ಎರಡು ತಬಲಾ ನಮಗೆ ಬೇಕೇ ಬೇಕು, ಏಕೆಂದರೆ ಪೇಟಿಯ ಮನೆಗಳ ಲೆಕ್ಕದಲ್ಲಿ ಅಭಂಗ ಹಾಡುವ ಹುಡುಗಿಯ ಶ್ರುತಿ ಕಪ್ಪು ನಾಲ್ಕು, ತತ್ವಪದದ ಹುಡುಗನದು ಬಿಳಿ ಎರಡು.

ಕೋಣೆ ನೋಡಿಕೊಳ್ಳುವ ಹಿರಿಯರ ಕಿವಿಗೆ ಬೇರೆಯೇ ಬಾಡಿಗೆ ಕೊಡಬೇಕು. ಎರಡನೇ ವಾರ ಏನೋ ಕರಕರೆ, ಯಾರ ತಪ್ಪೆಂದು ಯಾರಿಗೂ ಹೊಳೆಯಲಿಲ್ಲ. ಫೋನಿನ ಟ್ಯೂನರಿನಲ್ಲಿ ಗಿಟಾರು 440 ಹರ್ಟ್ಸ್‌ನ ಪ್ರಮಾಣಿತ ಶ್ರುತಿಗೆ ಸರಿಯಾಗಿತ್ತು. ನನ್ನ ಹಳೆಯ ಪೇಟಿಯೇ ಅದಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಹಿರಿಯರು ಬಾಗಿಲಲ್ಲೇ ನಿಂತು, ‘ಪೇಟಿ ಬಗ್ಗಂಗಿಲ್ಲ ತಂಗಿ, ಉಳಿದವ್ರು ಅದರ ಕಡೆ ಬರ್ರಿ’ ಅಂದರು. ಫೋನು ಬದಿಗಿಟ್ಟು ಗಿಟಾರಿನ ಆರೂ ತಂತಿ ಕಿವಿಯಿಂದಲೇ ಏರಿಸಿದರು. ಕೀಬೋರ್ಡಿನ ಫೈನ್ ಟ್ಯೂನ್ ಬದಲಾಯಿತು. ಕೊಳಲಿನ ಹುಡುಗ ತುಟಿಯ ಮೇಲೆ ಕೊಳಲನ್ನು ತುಸು ಹೊರಕ್ಕೆ ತಿರುಗಿಸಿದ. ಆಮೇಲೆ ಎಲ್ಲರೂ ಒಂದೇ ‘ಸಾ’ ಹಿಡಿದರು ನೋಡಿ, ನನಗೆ ಮೈ ಜುಂ ಅಂತು.

ಗಂಟೆ ಮುಗಿದರೂ ಕೂಡಲೇ ಎಬ್ಬಿಸುವುದಿಲ್ಲ. ಆ ಹೊತ್ತಿನಲ್ಲಿ ಹುಡುಗರು ಪರಸ್ಪರ ಉಚ್ಚಾರ ತಿದ್ದುತ್ತಾರೆ. ಮರಾಠಿಯಲ್ಲಿ ಹ್ರಸ್ವ ಎ, ಒ ಇಲ್ಲ. ಹಾಗಾಗಿ ಮರಾಠಿ ಮನೆಮಾತಿನ ಹುಡುಗನ ಬಾಯಲ್ಲಿ ‘ಒಲವು’ ‘ಓಲವು’ ಆಗುತ್ತದೆ. ಅಭಂಗ ಹಾಡುವ ಹುಡುಗಿಗೆ ಮರಾಠಿಯ ‘ತ್ಸ’ ಬರುವುದಿಲ್ಲ, ‘ಚ’ ಎನ್ನುತ್ತಾಳೆ. ಎದುರುಬದುರು ಕೂತು ಹತ್ತಿಪ್ಪತ್ತು ಸಲ ಹೇಳಿಸುತ್ತಾರೆ. ಒಬ್ಬರಿಗೂ ಬೇಸರವಿಲ್ಲ.

ಕೊರತೆಗಳೂ ಇವೆ. ಮೆಟ್ಟಿಲು ಇಕ್ಕಟ್ಟು. ಗಾಡಿ ನಿಲ್ಲಿಸಲು ಜಾಗವಿಲ್ಲ. ಕರೆಂಟು ಹೋದರೆ ಇನ್ವರ್ಟರ್ ಲೈಟು, ಫ್ಯಾನು, ತಬಲಾದ ಬಲ್ಬಿಗೆ ಸಾಲುತ್ತದೆ, ಆಂಪ್ಲಿಫೈಯರ್‌ಗೆ ಸಾಲುವುದಿಲ್ಲ. ರೈಲಿನ ಹಾರ್ನು ಗಾದಿಗೂ ಜಗ್ಗುವುದಿಲ್ಲ. ಹೆಣ್ಣುಮಕ್ಕಳಿಗೆ ಶೌಚಾಲಯ ಕೆಳಗಿದೆ, ಚಿಲಕ ಸಡಿಲ. ಅದನ್ನು ಕೂಡಲೇ ಸರಿಮಾಡಿಸಬೇಕು, ಎರಡು ಸಲ ಹೇಳಿದ್ದೇನೆ. ಅದಕ್ಕೇ 5ಕ್ಕೆ 4.

ಭಾನುವಾರಕ್ಕೆ ಬೇಕಿದ್ದರೆ ಬುಧವಾರದೊಳಗೆ ಹೇಳಿಡಿ. ಬೆಳಿಗ್ಗೆ 10ರಿಂದ 12 ಮಾತ್ರ ಅಕ್ಟೋಬರ್ 2ರವರೆಗೆ ನಮ್ಮದು.