ಒಬ್ಬಳೇ ಕಾರ್ಬೆಟ್‌ಗೆ: ತುಮಕೂರಿನ ಟ್ರಾವೆಲ್ ಅಂಗಡಿ ಹೇಗಿತ್ತು?

ಜನವರಿಯಲ್ಲಿ ರಾಮನಗರಕ್ಕೆ ಹೋಗಿ ಬಂದೆ. ನಮ್ಮ ರೇಷ್ಮೆ ರಾಮನಗರ ಅಲ್ಲ, ಉತ್ತರಾಖಂಡದ್ದು. ಕೋಸಿ ನದಿ ದಂಡೆಯ ಈ ಊರೇ ಜಿಮ್ ಕಾರ್ಬೆಟ್ ಕಾಡಿಗೆ ಬಾಗಿಲು. 1936ರಲ್ಲಿ ಶುರುವಾದ ದೇಶದ ಮೊದಲ ರಾಷ್ಟ್ರೀಯ ಉದ್ಯಾನ ಇದು.

ಬುಕಿಂಗ್ ಮಾಡಿಸಿದ್ದು ತುಮಕೂರಿನ ಬಿ.ಎಚ್. ರಸ್ತೆಯ ಒಂದು ಚಿಕ್ಕ ಟ್ರಾವೆಲ್ ಅಂಗಡಿಯಲ್ಲಿ. "ಒಬ್ರೇನಾ ಮೇಡಂ?" ಅಂತ ಒಂದು ಸಲ ಕೇಳಿದರು, ಆಮೇಲೆ ಆ ಮಾತೇ ಎತ್ತಲಿಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ದೆಹಲಿಯಲ್ಲಿ ಮಂಜಿಗೆ ರೈಲು ತಡವಾಗುತ್ತೆ ಅಂತ ನಡುವೆ ಒಂದು ದಿನ ಖಾಲಿ ಬಿಡಿಸಿದ್ದೂ ಅವರೇ. ಆ ದಿನ ನಿಜಕ್ಕೂ ಬೇಕಾಯಿತು.

ಆದರೆ ಸಫಾರಿ ವಿಷಯದಲ್ಲಿ ಎಡವಿದರು. ಜಿಪ್ಸಿಗೆ, ಅಂದರೆ ತೆರೆದ ಜೀಪಿಗೆ, ಬಾಡಿಗೆ ಇಡೀ ಗಾಡಿಗೆ, ಆರು ಜನ ಹಂಚಿಕೊಂಡರೆ ಸರಿ, ಒಬ್ಬಳೇ ಕೊಟ್ಟರೆ ಜೇಬು ಖಾಲಿ. ಕಾಡಿನೊಳಗಿನ ಧಿಕಾಲಾ ವಲಯಕ್ಕೆ ಹೋಗುವ ತೆರೆದ ಸಫಾರಿ ಬಸ್ಸು, ಅಂದರೆ ಕ್ಯಾಂಟರ್‌ನಲ್ಲಿ ಸೀಟಿನ ಲೆಕ್ಕದಲ್ಲಿ ಟಿಕೆಟ್ ಸಿಗುತ್ತೆ, ಅದನ್ನು ಅವರು ಹೇಳಲೇ ಇಲ್ಲ, ಅಲ್ಲಿಗೆ ಹೋದಮೇಲೆ ಗೊತ್ತಾಗಿ ಬೇಜಾರಾಯಿತು. ಒಬ್ಬರೇ ಹೋಗುವವರಿಗೆ ಮೊದಲು ಹೇಳಬೇಕಾದ ಮಾತೇ ಇದು, ಅಲ್ವಾ?

ನೀವು ಹೋಗುವುದಾದರೆ ನೆನಪಿಡಿ: ಧಿಕಾಲಾ ತೆರೆದಿರೋದು ನವೆಂಬರ್ 15ರಿಂದ ಜೂನ್ 15ರವರೆಗೆ ಮಾತ್ರ. ಪರ್ಮಿಟ್‌ಗೆ ಕೊಟ್ಟ ಗುರುತಿನ ಚೀಟಿಯ ಅಸಲು ಕೈಯಲ್ಲೇ ಇರಲಿ. ಸ್ವೆಟರ್ ಒಂದು ಸಾಲದು, ತೆರೆದ ಗಾಡಿಯಲ್ಲಿ ಬೆಳಗಿನ ಚಳಿ ಮೂಳೆಗೆ ಇಳಿಯುತ್ತೆ.

ರೈಲು, ರೂಮಿಗೆ ಮತ್ತೆ ಇದೇ ಅಂಗಡಿಗೆ ಹೋಗುತ್ತೇನೆ. ಸಫಾರಿ ಮಾತ್ರ ನಾನೇ ಬುಕ್ ಮಾಡುತ್ತೇನೆ.