ಭೂಕಂಪ ಪರಿಹಾರಕ್ಕೆ ದೇಣಿಗೆ: ಬ್ರಿಟನ್ನಿನ ಡಿಸಾಸ್ಟರ್ಸ್ ಎಮರ್ಜೆನ್ಸಿ ಕಮಿಟಿಯ ಸೇವೆ ಹೇಗಿದೆ?

ಎಲ್ಲಾದರೂ ದೊಡ್ಡ ಭೂಕಂಪವಾದ ಸುದ್ದಿ ಬಂದ ಕೂಡಲೇ ಬ್ರಿಟನ್ನಿನಲ್ಲಿ ನೆಲೆಸಿರುವ ನಮ್ಮ ಕನ್ನಡಿಗರ ವಾಟ್ಸ್ಆ್ಯಪ್ ಬಳಗಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ, ಹಣವನ್ನು ಯಾರ ಮೂಲಕ ಕಳುಹಿಸಿದರೆ ಅದು ಸಂತ್ರಸ್ತರಿಗೆ ನಿಜವಾಗಿಯೂ ತಲುಪುತ್ತದೆ ಎಂಬುದು. ಇದಕ್ಕೆ ನಾನು ಕೊಡುತ್ತ ಬಂದಿರುವ ಉತ್ತರ ಡಿಸಾಸ್ಟರ್ಸ್ ಎಮರ್ಜೆನ್ಸಿ ಕಮಿಟಿ, ಅಂದರೆ ಡಿ.ಇ.ಸಿ. 2023ರ ಫೆಬ್ರವರಿಯ ಟರ್ಕಿ–ಸಿರಿಯಾ ಭೂಕಂಪಕ್ಕೂ 2025ರ ಮಾರ್ಚ್‌ನ ಮ್ಯಾನ್ಮಾರ್ ಭೂಕಂಪಕ್ಕೂ ನಾನು ಇದರ ಮೂಲಕವೇ ದೇಣಿಗೆ ಕೊಟ್ಟಿದ್ದೇನೆ. ಹೋಟೆಲನ್ನೋ ಬ್ಯಾಂಕನ್ನೋ ವಿಮರ್ಶಿಸುವಷ್ಟೇ ಎಚ್ಚರಿಕೆಯಿಂದ ದೇಣಿಗೆ ಸಂಗ್ರಹಿಸುವ ಸಂಸ್ಥೆಯನ್ನೂ ವಿಮರ್ಶಿಸಬೇಕೆಂಬುದು ನನ್ನ ಅಭಿಪ್ರಾಯ. ಇಲ್ಲಿ ಹಣ ಕೊಡುವವರು ಒಬ್ಬರು, ಸೇವೆ ಪಡೆಯುವವರು ಇನ್ನೊಬ್ಬರು. ಸೇವೆ ಕೆಟ್ಟದ್ದಾಗಿದ್ದರೆ ಅದು ಕೊಟ್ಟವರಿಗೆ ಗೊತ್ತೇ ಆಗುವುದಿಲ್ಲ.

ಡಿ.ಇ.ಸಿ. ತಾನಾಗಿ ಡೇರೆ ಹಾಕುವ, ಅನ್ನ ಬೇಯಿಸುವ ಸಂಸ್ಥೆಯಲ್ಲ. 1963ರಲ್ಲಿ ಸ್ಥಾಪನೆಯಾದ ಇದು ಬ್ರಿಟಿಷ್ ರೆಡ್ ಕ್ರಾಸ್, ಆಕ್ಸ್‌ಫ್ಯಾಮ್, ಸೇವ್ ದಿ ಚಿಲ್ಡ್ರನ್, ಇಸ್ಲಾಮಿಕ್ ರಿಲೀಫ್, ಕ್ರಿಶ್ಚಿಯನ್ ಏಡ್ ಮೊದಲಾದ 15 ಪರಿಹಾರ ಸಂಸ್ಥೆಗಳ ಒಕ್ಕೂಟ. ದೊಡ್ಡ ವಿಪತ್ತು ಎದುರಾದಾಗ ಈ 15 ಸಂಸ್ಥೆಗಳೂ ಬೇರೆಬೇರೆಯಾಗಿ ಜಾಹೀರಾತು ಕೊಟ್ಟು ಒಂದೇ ಜನರ ಮುಂದೆ ಕೈಚಾಚುವ ಬದಲು ಒಟ್ಟಾಗಿ ಒಂದೇ ಮನವಿ ಮಾಡುತ್ತವೆ, ಬಿ.ಬಿ.ಸಿ., ಐ.ಟಿ.ವಿ. ಮೊದಲಾದ ವಾಹಿನಿಗಳು ಆ ಮನವಿಯನ್ನು ಪ್ರಸಾರ ಮಾಡುತ್ತವೆ. ಬ್ಯಾಂಕುಗಳೂ ಅಂಚೆ ಕಚೇರಿಗಳೂ ಹಣ ಸ್ವೀಕರಿಸಲು ನೆರವಾಗುತ್ತವೆ. ಸಂಗ್ರಹವಾದ ಹಣವನ್ನು ಪ್ರತಿ ಸಂಸ್ಥೆಯ ವಿದೇಶಿ ಪರಿಹಾರಕಾರ್ಯದ ಸಾಮರ್ಥ್ಯಕ್ಕೆ ಅನುಗುಣವಾಗಿ ಮೊದಲೇ ಒಪ್ಪಿಕೊಂಡ ಸೂತ್ರದಂತೆ ಹಂಚಲಾಗುತ್ತದೆ. ಯಾವ ಸಂಸ್ಥೆಯ ಜಾಹೀರಾತು ಹೆಚ್ಚು ಕಣ್ಣೀರು ತರಿಸಿತು ಎಂಬುದರ ಮೇಲೆ ಹಂಚಿಕೆ ನಿಲ್ಲುವುದಿಲ್ಲ. ಈ ವ್ಯವಸ್ಥೆಯ ಅತಿ ದೊಡ್ಡ ಗುಣ ಇದೇ ಎಂದು ನನಗೆ ಅನ್ನಿಸುತ್ತದೆ.

2023ರ ಫೆಬ್ರವರಿ 6ರಂದು ಬೆಳಗಿನ ಜಾವ 4 ಗಂಟೆ 17 ನಿಮಿಷಕ್ಕೆ ದಕ್ಷಿಣ ಟರ್ಕಿಯಲ್ಲಿ 7.8 ತೀವ್ರತೆಯ ಭೂಕಂಪವಾಯಿತು. ಅದೇ ದಿನ ಮಧ್ಯಾಹ್ನ 7.5 ತೀವ್ರತೆಯ ಇನ್ನೊಂದು. ಕಹ್ರಮಾನ್‌ಮರಾಶ್, ಹತಾಯ್, ಅದಿಯಮಾನ್, ಮಲತ್ಯ ಪ್ರಾಂತಗಳಲ್ಲಿ ಬಹುಮಹಡಿ ಕಟ್ಟಡಗಳು ಮಲಗಿದ್ದವರ ಮೇಲೆಯೇ ಕುಸಿದವು. ಟರ್ಕಿಯೊಂದರಲ್ಲೇ 53,000ಕ್ಕೂ ಹೆಚ್ಚು ಜನ ಸತ್ತರು; ಗಡಿಯಾಚೆಯ ಸಿರಿಯಾದಲ್ಲಿ ಸಾವಿರಾರು ಜನ. ಬೆಂಗಳೂರಿನ ಕಂಪನಿಯೊಂದರ ಕೆಲಸದ ಮೇಲೆ ಮಲತ್ಯಕ್ಕೆ ಹೋಗಿದ್ದ ಭಾರತೀಯರೊಬ್ಬರ ದೇಹವೂ ಅಲ್ಲಿ ಕುಸಿದ ಹೋಟೆಲಿನ ಅವಶೇಷಗಳಡಿ ಸಿಕ್ಕಿತು. ಡಿ.ಇ.ಸಿ. ತನ್ನ ಮನವಿಯನ್ನು ಮೂರು ದಿನಗಳ ನಂತರ, ಅಂದರೆ ಫೆಬ್ರವರಿ 9ರಂದು ಆರಂಭಿಸಿತು. ಸಾರ್ವಜನಿಕರು ಕೊಟ್ಟ ಮೊದಲ 50 ಲಕ್ಷ ಪೌಂಡ್‌ಗಳಿಗೆ ಅಷ್ಟೇ ಮೊತ್ತವನ್ನು ಬ್ರಿಟಿಷ್ ಸರಕಾರ ಸೇರಿಸಿತು. ಆ ಮೊತ್ತವೂ ಸೇರಿ ಮೊದಲ ದಿನವೇ ಸಂಗ್ರಹ 3 ಕೋಟಿ ಪೌಂಡ್ ದಾಟಿತು. ಕೊನೆಗೆ ಅದು 15 ಕೋಟಿ ಪೌಂಡ್‌ಗೂ ಮೇಲೇರಿತು. ಬೆಲೆಯೇರಿಕೆಯಿಂದ ಮನೆ ಬೆಚ್ಚಗಿಡಲೂ ಜನ ಹಿಂದೆಮುಂದೆ ನೋಡುತ್ತಿದ್ದ ಚಳಿಗಾಲದಲ್ಲಿ ಇಷ್ಟು ಹಣ ಬಂದದ್ದು ಸಣ್ಣ ಸಂಗತಿಯಲ್ಲ.

ದೇಣಿಗೆ ಕೊಡುವ ವಿಧಾನ ಸರಳವಾಗಿದೆ. ಜಾಲತಾಣದಲ್ಲಿ ಮೊತ್ತವನ್ನು ನಮೂದಿಸಿ ಕಾರ್ಡಿನಿಂದ ಪಾವತಿಸಬಹುದು, ಮೊಬೈಲಿನಿಂದ ಎಸ್‌ಎಂಎಸ್ ಕಳುಹಿಸಿ 10 ಪೌಂಡ್ ಕೊಡಬಹುದು, ಫೋನಿನಲ್ಲಿ ಅಥವಾ ಚೆಕ್ಕಿನ ಮೂಲಕವೂ ಕೊಡಬಹುದು. ನಮ್ಮವರು ಗಮನ ಕೊಡಬೇಕಾದದ್ದು ಗಿಫ್ಟ್ ಏಡ್ ಎಂಬ ಅಂಕಣಕ್ಕೆ. ಬ್ರಿಟನ್ನಿನಲ್ಲಿ ಆದಾಯ ತೆರಿಗೆ ಕಟ್ಟುವವರು ಅದಕ್ಕೆ ಒಪ್ಪಿಗೆ ಸೂಚಿಸಿದರೆ, ಅವರು ಕೊಟ್ಟ ಪ್ರತಿ ಪೌಂಡಿಗೆ 25 ಪೆನ್ಸ್‌ನಂತೆ ತೆರಿಗೆ ಇಲಾಖೆಯಿಂದ ಡಿ.ಇ.ಸಿ.ಗೆ ಹೆಚ್ಚುವರಿ ಹಣ ಬರುತ್ತದೆ. ಕೊಟ್ಟವರಿಗೆ ಇದರಿಂದ ಹೊರೆ ಇಲ್ಲ. ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟುವವರು ವ್ಯತ್ಯಾಸದ ಮೊತ್ತವನ್ನು ತಮ್ಮ ತೆರಿಗೆ ವಿವರಪತ್ರದ ಮೂಲಕ ಮರಳಿ ಪಡೆಯಲೂಬಹುದು. ಆದರೆ ಓದಲು ಬಂದಿರುವ, ತೆರಿಗೆ ಕಟ್ಟುವಷ್ಟು ಸಂಪಾದನೆ ಇಲ್ಲದ ವಿದ್ಯಾರ್ಥಿಗಳು ಆ ಅಂಕಣವನ್ನು ಖಾಲಿ ಬಿಡಬೇಕು, ಏಕೆಂದರೆ ಕಟ್ಟದ ತೆರಿಗೆಯ ಮೇಲೆ ಇಲಾಖೆ ಕೊಟ್ಟ ಹಣವನ್ನು ದಾನಿಯೇ ತುಂಬಿಕೊಡಬೇಕಾಗುತ್ತದೆ. ಕನ್ನಡ ಕೂಟಗಳಲ್ಲಿ ಹತ್ತಾರು ಮನೆಗಳಿಂದ ಹಣ ಕೂಡಿಸಿ ಒಬ್ಬರ ಹೆಸರಿನಲ್ಲಿ ಕಟ್ಟುವ ಪದ್ಧತಿಯೂ ಇದೆ. ಹಾಗೆ ಕೂಡಿಸಿದ ಹಣಕ್ಕೆ ಆ ಒಬ್ಬರು ಗಿಫ್ಟ್ ಏಡ್ ಕೋರುವಂತಿಲ್ಲ. ಪ್ರತಿ ಮನೆಯವರೂ ತಮ್ಮ ಹೆಸರಿನಲ್ಲೇ ಕೊಟ್ಟರೆ ಅಷ್ಟೇ ಹಣದಿಂದ ಕಾಲು ಭಾಗ ಹೆಚ್ಚು ನೆರವು ಹೋಗುತ್ತದೆ. ಭಾರತದಲ್ಲಿರುವ ಓದುಗರಿಗೆ ಈ ಅನುಕೂಲವಿಲ್ಲ, ಇಂಥ ವಿದೇಶಿ ಸಂಸ್ಥೆಗೆ ಕೊಟ್ಟ ಹಣಕ್ಕೆ ಅಲ್ಲಿನ ಆದಾಯ ತೆರಿಗೆ ವಿನಾಯಿತಿಯೂ ದೊರೆಯುವುದಿಲ್ಲ. ಆದ್ದರಿಂದ ಈ ಸೇವೆ ಮುಖ್ಯವಾಗಿ ಇಲ್ಲಿ ನೆಲೆಸಿರುವವರಿಗೆ ಉಪಯುಕ್ತ.

ಡಿ.ಇ.ಸಿ. ಹಣವನ್ನಷ್ಟೇ ಕೇಳುತ್ತದೆ, ವಸ್ತುಗಳನ್ನು ಕೇಳುವುದಿಲ್ಲ. ನಮ್ಮವರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಬೀರುವಿನಲ್ಲಿರುವ ಸ್ವೆಟರು, ಕಂಬಳಿ, ಮಕ್ಕಳ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಕೊಡುವುದರಲ್ಲಿ ನಮ್ಮ ಕೈಯಿಂದಲೇ ಏನೋ ಮಾಡಿದ ತೃಪ್ತಿ ಇರುತ್ತದೆ. ಆದರೆ ಆ ಚೀಲ ಲಂಡನ್ನಿನಿಂದ ಟರ್ಕಿಯ ಅಂತಾಕ್ಯ ನಗರಕ್ಕೆ ಹೋಗಬೇಕಾದರೆ ಅದನ್ನು ವಿಂಗಡಿಸಲು ಜನ ಬೇಕು, ಸಾಗಿಸಲು ಲಾರಿ ಬೇಕು, ಇಳಿಸಲು ಗೋದಾಮು ಬೇಕು. ಬಿರುಕುಬಿಟ್ಟ ರಸ್ತೆಗಳಲ್ಲಿ ಔಷಧದ ಲಾರಿಗೆ ಸಿಗಬೇಕಾದ ದಾರಿಯನ್ನು ಅದು ತುಂಬಿಕೊಳ್ಳುತ್ತದೆ. 2004ರ ಸುನಾಮಿಯ ನಂತರ ತಮಿಳುನಾಡಿನ ಕರಾವಳಿಯಲ್ಲಿ ದೇಶದ ಮೂಲೆಮೂಲೆಗಳಿಂದ ಬಂದ ಹಳೆಯ ಬಟ್ಟೆಗಳು ಯಾರಿಗೂ ಬೇಡವಾಗಿ ರಾಶಿ ಬಿದ್ದಿದ್ದವು. ಮರ್ಯಾದೆಯಿಂದ ಬದುಕುತ್ತಿದ್ದ ಮೀನುಗಾರ ಕುಟುಂಬಗಳು ಇತರರು ಉಟ್ಟು ಬಿಟ್ಟ ಬಟ್ಟೆಯನ್ನು ಮುಟ್ಟಲಿಲ್ಲ. ಹಣವಾದರೆ ಸುರಕ್ಷಿತ ಊರುಗಳ ಅಂಗಡಿಗಳಿಂದಲೇ ಹೊದಿಕೆ ಕೊಳ್ಳಬಹುದು, ಅಲ್ಲಿಯ ವ್ಯಾಪಾರವೂ ಉಸಿರಾಡುತ್ತದೆ. ಮಾರುಕಟ್ಟೆ ತೆರೆದಿರುವ ಕಡೆ ಸದಸ್ಯ ಸಂಸ್ಥೆಗಳು ಸಂತ್ರಸ್ತರ ಕೈಗೇ ನಗದು ಅಥವಾ ಖರೀದಿ ಚೀಟಿ ಕೊಡುತ್ತವೆ. ಮಗುವಿಗೆ ಹಾಲಿನ ಪುಡಿ ಬೇಕೋ ಅಜ್ಜನಿಗೆ ಮಧುಮೇಹದ ಮಾತ್ರೆ ಬೇಕೋ ಎಂಬುದನ್ನು ನಿರ್ಧರಿಸುವ ಅಧಿಕಾರ ಆ ಮನೆಯ ತಾಯಿಯ ಬಳಿಯೇ ಉಳಿಯಬೇಕೆಂಬ ಈ ನಿಲುವನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ.

ನಂಬಿಕೆಯ ವಿಷಯಕ್ಕೆ ಬರುತ್ತೇನೆ. ಟರ್ಕಿ–ಸಿರಿಯಾ ಭೂಕಂಪವಾದ ಕೆಲವೇ ದಿನಗಳಲ್ಲಿ ಟಿಕ್‌ಟಾಕ್‌ನಲ್ಲೂ ಟ್ವಿಟರ್‌ನಲ್ಲೂ ನಕಲಿ ದೇಣಿಗೆ ಮನವಿಗಳು ಹರಿದಾಡಿದವು. ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಅವಶೇಷಗಳ ನಡುವೆ ಮಗುವನ್ನು ಎದೆಗವಚಿಕೊಂಡಿದ್ದ ಚಿತ್ರವೊಂದನ್ನು ಕ್ರಿಪ್ಟೊ ಖಾತೆಯ ವಿಳಾಸದೊಡನೆ ಹಂಚಲಾಗಿತ್ತು. ಆ ಚಿತ್ರ ಕೃತಕ ಬುದ್ಧಿಮತ್ತೆಯಿಂದ ತಯಾರಾದದ್ದೆಂದೂ ಅದರಲ್ಲಿನ ಕೈಗೆ ಆರು ಬೆರಳುಗಳಿವೆಯೆಂದೂ ಬಿ.ಬಿ.ಸಿ. ತೋರಿಸಿಕೊಟ್ಟಿತು. ನಕಲಿಗಳ ಮಾತು ಹಾಗಿರಲಿ, ಹೆಸರಾಂತ ಸಂಸ್ಥೆಗಳೂ ಪ್ರಶ್ನೆಗೆ ಒಳಗಾದವು. ಟರ್ಕಿಯ ರೆಡ್ ಕ್ರೆಸೆಂಟ್ ಸಂಸ್ಥೆ ಭೂಕಂಪದ ಮೊದಲ ದಿನಗಳಲ್ಲಿ 2,050 ಡೇರೆಗಳನ್ನು ಅಹ್‌ಬಾಪ್ ಎಂಬ ದತ್ತಿ ಸಂಸ್ಥೆಗೆ 4.6 ಕೋಟಿ ಲೀರಾಗಳಿಗೆ ಮಾರಿದ ಸಂಗತಿ ಬಯಲಾದಾಗ ಆ ದೇಶದ ಜನ ಸಿಟ್ಟಿಗೆದ್ದರು. ಹಿಮ ಬೀಳುತ್ತಿದ್ದ ಬಯಲಿನಲ್ಲಿ ಮಕ್ಕಳು ಮಲಗಿದ್ದಾಗ, ಉಚಿತವಾಗಿ ಹಂಚಬೇಕಾದ ಸಂಸ್ಥೆಯಿಂದ ಡೇರೆಯನ್ನು ದೇಣಿಗೆಯ ಹಣ ಕೊಟ್ಟು ಕೊಳ್ಳಬೇಕಾಯಿತೆಂದರೆ ಸಿಟ್ಟು ಬರದಿರುವುದು ಹೇಗೆ? ರೆಡ್ ಕ್ರೆಸೆಂಟ್ ಮುಖ್ಯಸ್ಥ ಕೆರೆಮ್ ಕಿನಿಕ್ ಮಾರಾಟವನ್ನು ಸಮರ್ಥಿಸಿಕೊಂಡರಾದರೂ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಇಂಥ ಪ್ರಕರಣಗಳ ಹಿನ್ನೆಲೆಯಲ್ಲಿ ನೋಡಿದಾಗ, ಹಣ ಪಡೆದ ಪ್ರತಿ ಸದಸ್ಯ ಸಂಸ್ಥೆಯೂ ಯೋಜನೆಯನ್ನು ಮೊದಲೇ ಸಲ್ಲಿಸಿ, ಖರ್ಚಿನ ಲೆಕ್ಕ ಒಪ್ಪಿಸಬೇಕೆಂಬ ಡಿ.ಇ.ಸಿ.ಯ ಕಟ್ಟುಪಾಡಿಗೆ ಬೆಲೆ ಇದೆ.

ಈ ಕಟ್ಟುಪಾಡು ಒಂದೇ ದಿನದಲ್ಲಿ ಬಂದದ್ದಲ್ಲ, ಅದರಲ್ಲಿ ಭಾರತದ ಪಾಠವೂ ಇದೆ. 2001ರ ಜನವರಿ 26ರಂದು ಗುಜರಾತಿನ ಕಛ್ ನಲುಗಿದಾಗ ಡಿ.ಇ.ಸಿ. ಸುಮಾರು 2.4 ಕೋಟಿ ಪೌಂಡ್ ಸಂಗ್ರಹಿಸಿತ್ತು. ಆ ಹಣದ ಬಳಕೆಯ ಬಗ್ಗೆ ಅದೇ ವರ್ಷ ಸ್ವತಂತ್ರ ಮೌಲ್ಯಮಾಪನ ನಡೆಯಿತು. ಅಹಮದಾಬಾದಿನ ಡಿಸಾಸ್ಟರ್ ಮಿಟಿಗೇಶನ್ ಇನ್‌ಸ್ಟಿಟ್ಯೂಟ್ ಕೂಡ ಅದರಲ್ಲಿ ಪಾಲ್ಗೊಂಡಿತ್ತು. ನೆರವು ಪಡೆದ ಹಳ್ಳಿಗರ ಅಭಿಪ್ರಾಯಗಳನ್ನು ಕೇಳಿ ದಾಖಲಿಸಲಾಗಿತ್ತು. ಆಗ ಹಣವನ್ನು ಕೆಲವೇ ತಿಂಗಳುಗಳಲ್ಲಿ ಖರ್ಚು ಮಾಡಿ ಮುಗಿಸಬೇಕಿತ್ತು. ಭೂಕಂಪದ ಮಟ್ಟಿಗೆ ಅದು ತಪ್ಪು ಲೆಕ್ಕ. ಪ್ರವಾಹದ ನೀರು ಇಳಿದ ಮೇಲೆ ಜನ ಮನೆಗೆ ಮರಳಬಹುದು. ಭೂಕಂಪದಲ್ಲಿ ಮನೆಯೇ ಉಳಿದಿರುವುದಿಲ್ಲ, ಊರು ಎಲ್ಲಿ ಎದ್ದು ನಿಲ್ಲಬೇಕೆಂಬ ತೀರ್ಮಾನಕ್ಕೇ ತಿಂಗಳುಗಳು ಬೇಕು. ಟರ್ಕಿ–ಸಿರಿಯಾ ನಿಧಿಯನ್ನು ಮೊದಲ ಆರು ತಿಂಗಳ ತುರ್ತು ಹಂತ, ಅನಂತರದ ಪುನರ್ವಸತಿ ಹಂತ ಎಂದು ವಿಂಗಡಿಸಿ ಎರಡು ವರ್ಷಗಳಿಗೆ ಹರಡಲಾಯಿತು. ‘ಇಷ್ಟು ಹಣ ಬಂದರೂ ಇನ್ನೂ ಖರ್ಚಾಗಿಲ್ಲವಂತೆ’ ಎಂದು ಆಕ್ಷೇಪಿಸುವವರು ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಟಿ.ವಿ. ಕ್ಯಾಮೆರಾಗಳು ಹೊರಟುಹೋದ ಮೇಲೂ ಹತಾಯ್‌ನ ಕಂಟೇನರ್ ಮನೆಗಳಲ್ಲಿ ಜನ ಬೇಸಗೆಯ ಬಿಸಿಲನ್ನೂ ಮುಂದಿನ ಚಳಿಯನ್ನೂ ಕಳೆಯಬೇಕಾಗಿತ್ತು. ಆ ಎರಡನೆಯ ಚಳಿಗಾಲಕ್ಕೆ ಹಣ ಉಳಿಸಿಕೊಳ್ಳುವ ಸಂಸ್ಥೆಯೇ ನನಗೆ ಬೇಕು.

ಸಿರಿಯಾದ ಪರಿಸ್ಥಿತಿ ಇನ್ನೂ ಕಠಿಣವಾಗಿತ್ತು. ಯುದ್ಧದಿಂದ ಒಮ್ಮೆ ಮನೆ ಬಿಟ್ಟು ಬಂದಿದ್ದವರೇ ವಾಯವ್ಯ ಸಿರಿಯಾದಲ್ಲಿ ಹೆಚ್ಚಾಗಿದ್ದರು. ಕಾಲರಾ ಆಗಲೇ ಹಬ್ಬಿತ್ತು. ವಿಶ್ವಸಂಸ್ಥೆಯ ನೆರವಿಗೆ ತೆರೆದಿದ್ದ ಗಡಿದಾರಿ ಬಾಬ್ ಅಲ್-ಹವಾ ಒಂದೇ, ಅಲ್ಲಿಗೂ ಮೊದಲ ಲಾರಿಗಳು ಭೂಕಂಪದ ನಂತರ ಬಂದದ್ದು ಫೆಬ್ರವರಿ 9ರಂದು. ಇನ್ನೆರಡು ದಾರಿಗಳನ್ನು ತೆರೆಯಲು ಒಪ್ಪಿಗೆ ದೊರೆಯುವ ಹೊತ್ತಿಗೆ ಒಂದು ವಾರವೇ ಕಳೆದಿತ್ತು. ಇಂಥ ಕಡೆ ಹೊಸದಾಗಿ ಹುಟ್ಟಿಕೊಂಡ ದೇಣಿಗೆ ಗುಂಪುಗಳು ಏನು ತಾನೆ ಮಾಡಬಲ್ಲವು? ಮೊದಲೇ ಅಲ್ಲಿ ಬೇರೂರಿದ್ದ, ಸ್ಥಳೀಯ ಸಂಸ್ಥೆಗಳೊಡನೆ ವರ್ಷಗಳ ಒಡನಾಟವಿದ್ದ ಸದಸ್ಯ ಸಂಸ್ಥೆಗಳಿಂದಲೇ ಕೆಲಸ ಸಾಧ್ಯವಾಯಿತು. ಮ್ಯಾನ್ಮಾರಿನಲ್ಲೂ ಇದೇ ಸ್ಥಿತಿ. 2025ರ ಮಾರ್ಚ್ 28ರಂದು ಮಂಡಲೆ ಮತ್ತು ಸಗೈಂಗ್ ಬಳಿ 7.7 ತೀವ್ರತೆಯ ಭೂಕಂಪವಾದಾಗ ಅಲ್ಲಿ ಅಂತರ್ಯುದ್ಧ ನಡೆದಿತ್ತು. ಮನವಿ ಆರಂಭವಾದದ್ದು ಏಪ್ರಿಲ್ 3ರಂದು.

ಕೊರತೆಗಳನ್ನೂ ಹೇಳಬೇಕು. ಮನವಿ ಆರಂಭಿಸಲು ಡಿ.ಇ.ಸಿ. ಮೂರು ಮಾನದಂಡಗಳನ್ನು ಇಟ್ಟುಕೊಂಡಿದೆ: ವಿಪತ್ತು ದೊಡ್ಡದೂ ತುರ್ತಿನದೂ ಆಗಿರಬೇಕು, ಸದಸ್ಯ ಸಂಸ್ಥೆಗಳು ಅಲ್ಲಿ ಪರಿಣಾಮಕಾರಿಯಾಗಿ ಕೆಲಸ ಮಾಡಬಲ್ಲವಾಗಿರಬೇಕು, ಸಾರ್ವಜನಿಕರಿಂದ ಸಾಕಷ್ಟು ಹಣ ಬಂದೀತೆಂಬ ಭರವಸೆಗೆ ಆಧಾರವಿರಬೇಕು. ಮೂರನೆಯದು ನನ್ನನ್ನು ಕಾಡುತ್ತದೆ. ಪತ್ರಿಕೆಗಳ ಮುಖಪುಟಕ್ಕೆ ಬಾರದ ಊರಿನ ಸಾವುನೋವು ಈ ಅಳತೆಯಲ್ಲಿ ಹಿಂದೆ ಬೀಳುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳಲ್ಲಿ ಭೂಕಂಪವಾಗಿ ಮೂರು ಸಾವಿರದ ಸಮೀಪ ಜನ ಸತ್ತಾಗ ಡಿ.ಇ.ಸಿ. ಮನವಿ ಹೊರಡಿಸಲಿಲ್ಲ. ಹೊರಗಿನ ನೆರವನ್ನು ಮೊರಾಕ್ಕೊ ಸರಕಾರ ಆಯ್ದ ಕೆಲವೇ ದೇಶಗಳಿಂದ ಸ್ವೀಕರಿಸಿತ್ತಾದ್ದರಿಂದ ಆ ತೀರ್ಮಾನಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಇಷ್ಟು ದೊಡ್ಡ ಒಕ್ಕೂಟವು ಜನರ ಮರುಕದ ಅಂದಾಜನ್ನು ಕೂಡ ಒಂದು ಅಳತೆಗೋಲಾಗಿ ಇಟ್ಟುಕೊಂಡಿರುವುದು ನನಗೆ ಸರಿಯೆನಿಸುವುದಿಲ್ಲ. ಇನ್ನೊಂದು ಸಂಗತಿಯೆಂದರೆ, ಕೊಟ್ಟ ಹಣ ಸಾಮೂಹಿಕ ನಿಧಿಗೆ ಸೇರುವುದರಿಂದ ನಮ್ಮ 50 ಪೌಂಡ್ ಯಾವ ಸಂಸ್ಥೆಯ ಮೂಲಕ ಯಾವ ಊರಿಗೆ ಹೋಯಿತು ಎಂದು ತಿಳಿಯಲಾಗದು. ಒಂದೇ ಶಾಲೆಯನ್ನೋ ಒಂದೇ ಹಳ್ಳಿಯನ್ನೋ ಕಟ್ಟಿಕೊಡಬೇಕೆಂಬ ಆಸೆಯಿರುವ ಕೂಟಗಳಿಗೆ ಇದು ಹೊಂದುವುದಿಲ್ಲ. ನನ್ನ ಮಟ್ಟಿಗೆ ಇದು ದೋಷವಲ್ಲ, ಏಕೆಂದರೆ ಮೊದಲ ವಾರಗಳಲ್ಲಿ ಹಣಕ್ಕೆ ವಿಳಾಸ ಅಂಟಿಸಿದಷ್ಟೂ ಅದು ಅಗತ್ಯ ಹೆಚ್ಚಿರುವ ಕಡೆಗೆ ತಿರುಗುವುದು ಕಷ್ಟವಾಗುತ್ತದೆ.

ಬ್ರಿಟನ್ನಿನಲ್ಲಿರುವ ಕನ್ನಡಿಗರಿಗೆ, ವಿಶೇಷವಾಗಿ ಪರಿಹಾರ ಸಂಸ್ಥೆಗಳ ಪರಿಚಯವಿಲ್ಲದವರಿಗೆ, ಮೊದಲ ವಾರದ ದೇಣಿಗೆಗೆ ಡಿ.ಇ.ಸಿ.ಯನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಹಂಚಿಕೆಯಾದ ಕೊಂಡಿಯನ್ನು ಒತ್ತದೆ ಜಾಲತಾಣದ ವಿಳಾಸವನ್ನು ತಾವೇ ಬರೆದು ಪುಟಕ್ಕೆ ಹೋಗಬೇಕು; ತೆರಿಗೆ ಕಟ್ಟುವವರು ಗಿಫ್ಟ್ ಏಡ್ ಅಂಕಣವನ್ನು ಮರೆಯಬಾರದು; ಸಾಧ್ಯವಿದ್ದರೆ ಅರ್ಧವನ್ನು ಈಗ ಕೊಟ್ಟು ಉಳಿದರ್ಧವನ್ನು ಆರು ತಿಂಗಳ ವರದಿಯನ್ನು ಓದಿದ ಮೇಲೆ ಕೊಡಬಹುದು. ಮೊರಾಕ್ಕೊದಂತೆ ಡಿ.ಇ.ಸಿ. ಮನವಿ ಹೊರಡದ ಸಂದರ್ಭದಲ್ಲಿ ಅದರ ಸದಸ್ಯ ಸಂಸ್ಥೆಗಳು ಪ್ರತ್ಯೇಕವಾಗಿ ಹಣ ಸಂಗ್ರಹಿಸುತ್ತವೆ. ಬ್ರಿಟಿಷ್ ರೆಡ್ ಕ್ರಾಸ್ ಆಗ ಮೊರಾಕ್ಕೊಗಾಗಿಯೇ ನಿಧಿ ತೆರೆದಿತ್ತು. ಅಲ್ಲಿ ಕೊಟ್ಟ ಹಣಕ್ಕೂ ಗಿಫ್ಟ್ ಏಡ್ ಅನ್ವಯಿಸುತ್ತದೆ.