ಪಿಟೀಲಿನವರ ಮಂದ ಕಿವಿಗೆ ಯಾವುದು ವಾಸಿ: ಮಷೀನೋ, ಇನ್-ಇಯರೋ, ಪ್ಲಗ್ಗೋ?

ನಾನು ಬೆಂಗಳೂರಿನಲ್ಲಿ ಪಕ್ಕವಾದ್ಯ ನುಡಿಸುವವನು. ಎರಡೂ ಕಿವಿ 3000 ಹರ್ಟ್ಜ್ ದಾಟಿದ ಮೇಲೆ ಮಂದ. ಪಿಯಾನೋದ ಕೊನೆಯ ಮನೆಯೇ ಸುಮಾರು 4186 ಹರ್ಟ್ಜ್. ನಾವು ಹಾಡಿ ನುಡಿಸುವ ಸ್ವರಗಳು ಅದಕ್ಕಿಂತ ಬಹಳ ಕೆಳಗೆ, 3000ದ ಒಳಗೇ ಇರುತ್ತವೆ. ಹಾಗಾಗಿ ತಾರಸ್ಥಾಯಿ ಪಂಚಮವೂ ನನಗೆ ಸಲೀಸಾಗಿ ಕೇಳುತ್ತದೆ. ಹೋಗಿರುವುದು ಅದರ ಮೇಲಿನ ಹೊಳಪು: ತಂಬೂರಿಗೆ ದಾರ ಕೂರಿಸಿದಾಗ ಏಳುವ ಝೇಂಕಾರ, ಗಾಯಕರ ಬಾಯಿಯ ಸ, ಶ. ಸಾಹಿತ್ಯವೇ ಕೇಳದಿದ್ದರೆ ಯಾವ ಸಾಲಿಗೆ ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡಿ ಬೆಳೆಸುವುದು) ಹಿಡಿದರು ಅಂತ ಹೇಗೆ ಗೊತ್ತಾಗಬೇಕು, ಅಲ್ವಾ?

ಮೊದಲು ಕಿವಿ ಮಷೀನು, ಮಾಮೂಲಿ ಸೆಟ್ಟಿಂಗ್‌ನಲ್ಲಿ. ಗಾಂಧಿಬಜಾರಿನ ತರಕಾರಿ ವ್ಯಾಪಾರಕ್ಕೆ ಬಹಳ ಚೆನ್ನ. ಪಿಟೀಲು ಎತ್ತಿಕೊಂಡರೆ ಕಾಟ. ಅದು ಮಾತಿಗೆಂದು ಮಾಡಿದ ಯಂತ್ರ. ಒಂದೇ ಸಮ ಮೀಟುವ ತಂಬೂರಿಯನ್ನು ಫ್ಯಾನಿನ ಸದ್ದು ಅಂತ ತಿಳಿದು ತಗ್ಗಿಸುತ್ತದೆ. ಉದ್ದಕ್ಕೆ ಎಳೆದ ಷಡ್ಜವನ್ನು ತನ್ನದೇ ಸಿಳ್ಳೆ ಅಂದುಕೊಂಡು ಅಳಿಸಲು ಹೋಗುತ್ತದೆ, ಸ್ವರ ನಡುಗುತ್ತದೆ. ನಾನು ಹಾಕದ ಗಮಕ!

ಅದೇ ಮಷೀನಿಗೆ ಆಡಿಯಾಲಜಿಸ್ಟ್ ಹತ್ತಿರ ಮ್ಯೂಸಿಕ್ ಪ್ರೋಗ್ರಾಮ್ ಹಾಕಿಸಿದೆ. ನಾಯ್ಸ್ ರಿಡಕ್ಷನ್ ಆಫ್, ಸಿಳ್ಳೆ ತಡೆಯುವುದು ತೀರಾ ಕಡಿಮೆ, ಕಂಪ್ರೆಷನ್ (ಜೋರು-ಮೆಲ್ಲ ಸದ್ದುಗಳ ಅಂತರ ಕುಗ್ಗಿಸುವುದು) ಸಡಿಲ. ಎಲ್ಲಕ್ಕಿಂತ ಮುಖ್ಯ, ಫ್ರೀಕ್ವೆನ್ಸಿ ಲೋವರಿಂಗ್ ಆಫ್. ಅದು ಕೇಳಿಸದ ಮೇಲಿನ ನಾದವನ್ನು ಕೆಳಗಿಳಿಸಿ ಕೊಡುತ್ತದೆ. ಮಾತಿಗೆ ಉಪಯೋಗ ಇರಬಹುದು, ಆದರೆ ಪಿಟೀಲಿನ ಸ್ವಯಂಭೂ ಸ್ವರಗಳು (ಮೂಲ ಸ್ವರದ ಜೊತೆ ತಾವಾಗಿ ಏಳುವ ಮೇಲಿನ ನಾದಗಳು) ಜಾಗ ತಪ್ಪಿ ಶ್ರುತಿ ಕೆಟ್ಟಂತೆ ಕೇಳುತ್ತದೆ. ಇಷ್ಟು ಮಾಡಿಸಿದ ಮೇಲೆ ಮನೆಯ ಸಾಧನೆಗೆ, ಪಾಠಕ್ಕೆ, ಮೈಕ್ ಇಲ್ಲದ ಚಿಕ್ಕ ಕಚೇರಿಗೆ ಇದನ್ನು ಮೀರಿಸುವುದು ನನಗೆ ಸಿಕ್ಕಿಲ್ಲ.

ಇದು ಸೋಲುವುದು ಪೆಂಡಾಲಿನಲ್ಲಿ. ರಾಮನವಮಿ ಸೀಸನ್ನಿನ ದೊಡ್ಡ ಸ್ಪೀಕರು, ಎದುರಿಗೆ ಮೃದಂಗ. ಜೋರು ಮಾತು 85–90 ಡೆಸಿಬೆಲ್ ಇದ್ದರೆ ಸಂಗೀತ 100 ದಾಟುತ್ತದೆ. ಅಷ್ಟನ್ನು ತಡೆಯಲಾಗದೆ ಎಷ್ಟೋ ಮಷೀನುಗಳಲ್ಲಿ ಸದ್ದು ಒಳಗೆ ಬರುವಾಗಲೇ ಒಡೆಯುತ್ತದೆ. ಆಮೇಲೆ ವಾಲ್ಯೂಮ್ ಇಳಿಸಿದರೂ ಒಡಕು ಹೋಗುವುದಿಲ್ಲ. ಮೈಕಿನ ತೂತಿನ ಮೇಲೆ ಸೆಲೋಟೇಪ್ ಅಂಟಿಸಿದರೆ ಒಳಬರುವ ಸದ್ದೇ ತಗ್ಗಿ ಎಷ್ಟೋ ವಾಸಿ. ನಗಬೇಡಿ, ಕೆಲಸ ಮಾಡುತ್ತದೆ.

ಅಂಥ ವೇದಿಕೆಗೆ ಇನ್-ಇಯರ್ ಮಾನಿಟರ್, ಅಂದರೆ ಸೌಂಡ್‌ನವರು ಮೈಕಿನ ಸದ್ದನ್ನು ನೇರ ಕಳಿಸುವ ಕಿವಿಯೊಳಗಿನ ಇಯರ್‌ಫೋನ್, ಗೆಲ್ಲುತ್ತದೆ. ಗಾಯಕರ ದನಿ, ತಂಬೂರಿ, ನನ್ನ ಪಿಟೀಲು, ಇಷ್ಟೇ ಕಿವಿಗೆ. ಟ್ರೆಬಲ್ ಏರಿಸಿಕೊಂಡರೆ ಸಾಹಿತ್ಯ ಬಿಡಿಬಿಡಿಯಾಗಿ ಕೇಳುತ್ತದೆ. ಬೇಜಾರೆಂದರೆ ಗಾಯಕರು ಮೈಕಿನಿಂದ ತಿರುಗಿ ಮೆಲ್ಲಗೆ ಹೇಳಿದ್ದು, ಸಭಿಕರ ‘ಭಲೇ’, ಎರಡೂ ಇಲ್ಲ. ಒಂದು ಕಿವಿಯದನ್ನು ತೆಗೆದಿಟ್ಟರೆ ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ, ಉಳಿದ ಕಿವಿಗೂ ಕೇಡು. ಇನ್ನು ಪ್ರತ್ಯೇಕ ಲೈನ್ ಕೇಳಿದರೆ ಎಷ್ಟೋ ಕಡೆ ಸೌಂಡ್‌ನವರು ಮುಖ ಮುಖ ನೋಡುತ್ತಾರೆ.

ಪ್ಲಗ್‌ನಲ್ಲಿ ಫೋಮಿನದು ಬೇಡವೇ ಬೇಡ. ಅದು ಮೇಲಿನ ನಾದವನ್ನೇ ಜಾಸ್ತಿ ಕತ್ತರಿಸುತ್ತದೆ, ನನಗೆ ಇರುವುದೇ ಅಷ್ಟು. ಸಂಗೀತಗಾರರಿಗೆಂದೇ ಬರುವ ಫಿಲ್ಟರ್ ಪ್ಲಗ್ ಎಲ್ಲವನ್ನೂ ಸುಮಾರು 15 ಡೆಸಿಬೆಲ್ ಸಮನಾಗಿ ತಗ್ಗಿಸುತ್ತದೆ. ತನಿ ಆವರ್ತನದಲ್ಲಿ, ಅಂದರೆ ಮೃದಂಗದವರು ಒಬ್ಬರೇ ನುಡಿಸುವಾಗ, ನನಗೆ ತಾಳ ಹಾಕುವ ಕೆಲಸವಷ್ಟೇ. ಆಗ ಮಷೀನು ತೆಗೆದು ಇದನ್ನು ಹಾಕಿಕೊಳ್ಳುತ್ತೇನೆ.

ಒಂದಕ್ಕೇ ದುಡ್ಡಿದ್ದರೆ ಮ್ಯೂಸಿಕ್ ಪ್ರೋಗ್ರಾಮ್ ಇರುವ ಮಷೀನು ಕೊಳ್ಳಿ. ಆದರೆ ಕ್ಲಿನಿಕ್ಕಿಗೆ ಪಿಟೀಲು, ಶ್ರುತಿಪೆಟ್ಟಿಗೆ ಎರಡನ್ನೂ ಒಯ್ಯಿರಿ. ಅಲ್ಲೇ ಷಡ್ಜ ಎಳೆದು ನೋಡಿ, ನಡುಗಿದರೆ ಅಲ್ಲೇ ಸರಿಮಾಡಿಸಿ.